ಕಳ್ಳತೂಬು

ನಮ್ಮೂರ ಕಮ್ಯೂನಿಟಿ ಕಾಲೇಜಿನಲ್ಲಿ ಕಂಪ್ಯೂಟರ್ ಜಾಲದ ಮೇಲ್ತರಗತಿಗೆ ನಾನು ಸೇರಿದ್ದು ಎ.ಸಿ.ಯ ಆಸೆಗೆ. ಆಗಸ್ಟಿನಲ್ಲಿ ಈ ಕಣಿವೆಯ ಟೈರಂಗಡಿಯಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೋಯೊ ಮಾವನ ಅಂಗಡಿಯಲ್ಲಿ ಮಧ್ಯಾಹ್ನ ಜಾಕನ್ನು ಮುಟ್ಟಬೇಕಾದರೆ ಮೊದಲು ಅದರ ಮೇಲೆ ನೀರು ಸುರಿಯಬೇಕು. ಇಡೀ ಕಾಲೇಜಿನಲ್ಲಿ ಒಂದು ಕೋಣೆಯಲ್ಲಿ ಮಾತ್ರ ಸ್ವೆಟರ್ ಹಾಕಿಕೊಂಡು ಕೂರಬಹುದು, ಯಂತ್ರಗಳಿಗೆ ಸೆಕೆಯಾಗಬಾರದೆಂದು ಅಲ್ಲಿ ಚಳಿಗಾಲವನ್ನು ಕೂಡಿಹಾಕಿದ್ದಾರೆ ಎಂದು ಯಾರೋ ಹೇಳಿದರು. ಮರುದಿನವೇ ಹೋಗಿ ಹೆಸರು ಬರೆಸಿದೆ. ಅದರ ಹಿಂದಿನ ತರಗತಿಯನ್ನು ನಾನು ಪಾಸು ಮಾಡಿದ್ದೆ. ಹೇಗೆಂದು ನನಗೂ ಗೊತ್ತಿಲ್ಲ, ಕಾಲೇಜಿನವರೂ ಕೆದಕಲಿಲ್ಲ.

ಕೋಣೆಗೆ ಕಿಟಕಿಯಿಲ್ಲ, ದೀಪ ಮಂದ. ಗೋಡೆಯುದ್ದಕ್ಕೂ ಕಬ್ಬಿಣದ ಚೌಕಟ್ಟುಗಳಲ್ಲಿ ಕೂತ ರೂಟರುಗಳು ಸಣ್ಣ ಹಸಿರು ದೀಪ ಮಿಟುಕಿಸುತ್ತ ಗುಂಯ್‌ಗುಡುತ್ತಿದ್ದವು. ನಮ್ಮ ಕಣಿವೆ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಸಕ್ಕರೆ ಕಾರ್ಖಾನೆಯ ಗೋಪುರದ ಮೇಲೆ, ಖರ್ಜೂರದ ಮರಗಳೂ ತಲುಪದ ಎತ್ತರದಲ್ಲಿ, ಸಮುದ್ರ ಇದ್ದಿದ್ದರೆ ಇಲ್ಲಿಯವರೆಗೆ ಇರುತ್ತಿತ್ತು ಎಂದು ಒಂದು ಗೆರೆ ಎಳೆದಿದ್ದಾರೆ. ಹೊರಗಿನ ಬಿಸಿಲಿನಲ್ಲಿ ಆ ಗೆರೆ ಯಾರೋ ಮಾಡಿದ ತಮಾಷೆಯಂತೆ ಕಾಣುತ್ತದೆ. ಈ ಕೋಣೆಯಲ್ಲಿ ಕೂತಾಗ ಮಾತ್ರ ನನಗೆ ನಂಬಿಕೆ ಬರುತ್ತಿತ್ತು: ತಲೆಯ ಮೇಲೆ ನೀರಿದೆ, ನಾವು ತಳದಲ್ಲಿದ್ದೇವೆ, ಹಸಿರು ಕಣ್ಣಿನ ಮೀನುಗಳು ಸುತ್ತ ನಿಂತು ನಮ್ಮನ್ನು ನೋಡುತ್ತಿವೆ. ಈ ಸ್ಥಿತಿಯಲ್ಲಿ ನನಗೆ ನಿದ್ದೆ ಬಹಳ ಚೆನ್ನಾಗಿ ಹತ್ತುತ್ತಿತ್ತು.

ಮೊದಲ ಸಂಜೆ ಹೀಗೆ ಕಣ್ಣು ಮುಚ್ಚುತ್ತಿರುವಾಗ ಪಕ್ಕದ ಕುರ್ಚಿಯಿಂದ ಹಸಿಮಣ್ಣಿನ ವಾಸನೆ ಬಂತು. ಮರಳುಗಾಡಿನಲ್ಲಿ ಹಸಿಮಣ್ಣು! ಕನಸೇ ಇರಬೇಕೆಂದು ಇನ್ನೂ ಗಟ್ಟಿಯಾಗಿ ಕಣ್ಣು ಮುಚ್ಚಿದೆ. ಆಗ ಮೊಣಕೈ ತಿವಿಯಿತು.

“ಮಗಾ, ಗೊರಕೆ ಹೊಡೀಬೇಡ. ಮಾಯೆಸ್ತ್ರಾ ನೀರಿನ ವಿಷಯ ಹೇಳ್ತಿದಾರೆ.”

“ನೀರಲ್ಲ, ದೋನ್. ಡೇಟಾ,” ಎಂದೆ ತೂಕಡಿಸುತ್ತಲೇ.

“ಹರೀತದೆ ಅಂದ್ರಲ್ಲಪ್ಪಾ. ಹರಿಯೋದು ನೀರಲ್ದೆ ಇನ್ನೇನು?”

ಹಾಗೆ ನನಗೆ ದೋನ್ ಕ್ರಿಸ್ಪಿನ್ ಅರ್ವಿಸು ಅವರ ಪರಿಚಯವಾಯಿತು. ನಮ್ಮಲ್ಲಿ ಹಿರಿಯರಿಗೆ ದೋನ್ ಎನ್ನುತ್ತೇವೆ, ಪಾಠ ಹೇಳುವ ಮೇಡಂಗೆ ಮಾಯೆಸ್ತ್ರಾ. ಅಗಲ ಅಂಚಿನ ಹುಲ್ಲಿನ ಟೋಪಿ, ನರೆತ ಮೀಸೆ, ಬೂಟಿನ ತುಂಬ ಕೆಸರು. ಆ ಕೆಸರು ಲ್ಯಾಬಿನ ಬಿಳಿ ನೆಲದ ಮೇಲೆ ಬಾಗಿಲಿಂದ ನಮ್ಮ ಮೇಜಿನವರೆಗೆ ಹೆಜ್ಜೆಹೆಜ್ಜೆಯಾಗಿ ಬಂದು ನಿಂತಿತ್ತು.

ಅವರು ಅಸುಸೆನಾ ಕಾಲುವೆಯ ನೀರಗಂಟಿ. ಕೊಲೊರಾಡೊ ನದಿಯ ನೀರು ದೊಡ್ಡ ಕಾಲುವೆಯಲ್ಲಿ ಮರಳುದಿಬ್ಬಗಳನ್ನು ದಾಟಿ ಬಂದು ಕಣಿವೆಯಲ್ಲಿ ಮರಿಕಾಲುವೆಗಳಾಗಿ ಒಡೆಯುತ್ತದೆ. ಅಂಥ ಒಂದು ಮರಿಕಾಲುವೆ ಅಸುಸೆನಾ. ನಾಳೆ ಇಷ್ಟು ನೀರು ಬೇಕೆಂದು ರೈತರು ಇವತ್ತೇ ಹೇಳಿಡುತ್ತಾರೆ. ನೀರಗಂಟಿ ಬೆಳಗ್ಗೆ ಏರಿಯ ಮೇಲೆ ಪಿಕಪ್ ಓಡಿಸುತ್ತ ಹೋಗಿ, ಒಂದೊಂದು ತೂಬಿನ ಬಳಿಯೂ ಇಳಿದು, ಚಕ್ರ ತಿರುಗಿಸಿ, ಅವರವರ ಪಾಲನ್ನು ಅವರವರ ಹೊಲಕ್ಕೆ ಬಿಡುತ್ತಾನೆ.

ದೋನ್ ಕ್ರಿಸ್ಪಿನ್ ಹುಟ್ಟಿದ್ದು ಗಡಿಯಾಚೆಯ ಮೆಹಿಕಾಲಿಯಲ್ಲಿ. ಅಪ್ಪನ ಹಿಂದೆ ಕರಬೂಜ ಕೀಳಲು ಈಚೆಗೆ ಬಂದರು. ಆಮೇಲೆ ನೀರಾವರಿ ಕಚೇರಿಯಲ್ಲಿ, ಕಾಲುವೆಯ ಕಳೆ ಕೀಳುವ ಗುಂಪು ಸೇರಿದರು. ಸೊಂಟದವರೆಗೆ ನೀರಿನಲ್ಲಿ ನಿಂತು ಜೊಂಡು ಕತ್ತರಿಸುವ ಕೆಲಸ. ವರ್ಷಗಟ್ಟಲೆ ಬೆನ್ನು ಬಗ್ಗಿಸಿದ ಮೇಲೆ ಒಂದು ದಿನ ಅಸುಸೆನಾ ಅವರ ಕೈಗೆ ಬಂತು. ಅಂದಿನಿಂದ ಅದು ‘ಅದು’ ಅಲ್ಲ, ‘ಅವಳು’. ಗಾಳಿ ಎದ್ದು ನೀರನ್ನು ಹಿಂದಕ್ಕೆ ತಳ್ಳಿದರೆ, “ಇವತ್ತು ಅವಳು ಮುನಿಸ್ಕೊಂಡಿದಾಳೆ,” ಎನ್ನುತ್ತಿದ್ದರು.

ನೀರಗಂಟಿಯಾದ ಮೊದಲ ಬೇಸಿಗೆಯಲ್ಲೇ ಪೆರಾಲ್ತಾ ಎಂಬ ರೈತನ ಮೇವಿನ ಹೊಲದ ಹಿಂದೆ, ಪೊದೆಯ ಮರೆಯಲ್ಲಿ, ಎರಡನೆಯ ತೂಬೊಂದು ಅವರ ಕಣ್ಣಿಗೆ ಬಿತ್ತು. ಒಂದು ಹೊಲಕ್ಕೆ ಒಂದೇ ತೂಬು. ಎರಡನೆಯದು ಇದ್ದರೆ ಅದು ಕಳ್ಳತೂಬು, ಅದರ ಬಗ್ಗೆ ಈ ಕಣಿವೆಯಲ್ಲಿ ಎರಡು ಮಾತಿಲ್ಲ. ಸರಪಳಿ ಸುತ್ತಿ ಬೀಗ ಜಡಿದರು. ಅದನ್ನು ನೋಡುತ್ತ ನಿಂತಿದ್ದ ಪೆರಾಲ್ತಾನ ಮಗಳು ಅಂಪಾರೊ, “ಬೀಗ ಚೆನ್ನಾಗಿದೆ, ಎಲ್ಲಿ ತಗೊಂಡ್ರಿ?” ಎಂದಳಂತೆ. ಅವಳನ್ನೇ ಮದುವೆಯಾದರು. ಮಾವ ಸಾಯುವವರೆಗೂ ಅಳಿಯನನ್ನು ‘ಬೀಗ’ ಎಂದೇ ಕರೆದ. ನೆಂಟಸ್ತಿಕೆಯ ಬೀಗ ಅಲ್ಲ, ಸರಪಳಿಯ ಬೀಗ.

ಇಂಥ ಮನುಷ್ಯ ಕಂಪ್ಯೂಟರ್ ಲ್ಯಾಬಿನಲ್ಲಿ ಏನು ಮಾಡುತ್ತಿದ್ದರೆಂದರೆ, ಕಚೇರಿಯವರು ತೂಬುಗಳಿಗೆಲ್ಲ ಮೋಟಾರು ಕೂರಿಸುತ್ತಿದ್ದರು. ಪ್ರತಿ ಮೋಟಾರಿಗೂ ಒಂದು ರೂಟರು. ಅದನ್ನು ನೋಡಿಕೊಳ್ಳಬಲ್ಲವನು ಮಾತ್ರ ಕಾಲುವೆಯಲ್ಲಿ ಉಳಿಯುತ್ತಾನೆ. ಡಿಸೆಂಬರಿನ ಪರೀಕ್ಷೆ ಪಾಸಾದರೆ ಅಸುಸೆನಾ ನಿನ್ನದು, ಇಲ್ಲದಿದ್ದರೆ ಮತ್ತೆ ಕಳೆ ಕೀಳುವ ಗುಂಪು ಎಂದು ಮೇಲಧಿಕಾರಿ ಹೇಳಿಬಿಟ್ಟಿದ್ದ.

“ಕಳೆ ಕೀಳೋಕೆ ನನಗೇನೂ ನಾಚಿಕೆ ಇಲ್ಲ,” ಎಂದರು ಒಮ್ಮೆ. “ಆದ್ರೆ ನಾನು ಜೊಂಡು ಕತ್ತರಿಸ್ತಾ ನಿಂತಿರೋವಾಗ ಅವಳ ಏರಿ ಮೇಲೆ ಇನ್ಯಾವನೋ ಗಾಡಿ ಓಡಿಸ್ಕೊಂಡು ಹೋಗ್ತಾನಲ್ಲ...” ಅಷ್ಟಕ್ಕೇ ನಿಲ್ಲಿಸಿ ಮೀಸೆ ಒರೆಸಿಕೊಂಡರು.

ನನ್ನನ್ನು ಕಾಯುತ್ತಿದ್ದ ಕಾಲುವೆ ಯಾವುದೂ ಇರಲಿಲ್ಲ. ಆದ್ದರಿಂದ ನಾನು ಅವರನ್ನು ನೋಡಿ ಬರೆಯುತ್ತಿದ್ದೆ. ಅವರು ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ ಕುಟ್ಟುತ್ತಿದ್ದರು. ನೋಡಿ ಬರೆಯುವವನಿಗೆ ಇದಕ್ಕಿಂತ ಅನುಕೂಲ ಬೇಕೆ?

ಒಂದು ರೂಟರಿನಿಂದ ದೂರದ ಇನ್ನೊಂದಕ್ಕೆ ಕೂಗು ಹಾಕಿ ನೋಡುವ ಕ್ರಮವಿದೆ. ಅಲ್ಲಿಂದ ಓಗೊಟ್ಟರೆ ಪರದೆಯ ಮೇಲೆ ಆಶ್ಚರ್ಯಸೂಚಕ ಚಿಹ್ನೆ ಮೂಡುತ್ತದೆ, ಇಲ್ಲದಿದ್ದರೆ ಬರಿಯ ಚುಕ್ಕೆ. ಮೊದಲ ಸಲ ಆ ಚಿಹ್ನೆಗಳ ಸಾಲು ಮೂಡಿದಾಗ ದೋನ್ ಕ್ರಿಸ್ಪಿನ್ ಟೋಪಿ ತೆಗೆದರು.

“ನೋಡೋ, ಹನಿ! ಒಂದರ ಹಿಂದೊಂದು ಬೀಳ್ತಾ ಇದೆ!”

ನಿಜಕ್ಕೂ ಅವು ಹನಿಗಳಂತೆಯೇ ಇದ್ದವು. ಮೇಲಿಂದ ಜಾರುತ್ತ ಬಂದು ಕೆಳಗೆ ಗುಂಡಗಾದ ಹನಿಗಳು. ಆಮೇಲೆ ನನಗೂ ಅವು ಬೇರೆ ರೀತಿ ಕಾಣಲೇ ಇಲ್ಲ. ಸಂಜೆಯುದ್ದಕ್ಕೂ ಆ ತಣ್ಣನೆಯ ಕೋಣೆಯಲ್ಲಿ ಸದ್ದಿಲ್ಲದೆ ಮಳೆ ಬೀಳುತ್ತಿತ್ತು. ನಮ್ಮ ಕಣಿವೆಯಲ್ಲಿ ಬೀಳದ ಮಳೆಯೆಲ್ಲ ಅಲ್ಲೇ ಬೀಳುತ್ತಿರಬೇಕು ಎಂದುಕೊಂಡು ನಾನು ಕೊಡೆಯ ಕನಸು ಕಾಣುತ್ತಿದ್ದೆ.

ನಮ್ಮ ಮಾಯೆಸ್ತ್ರಾ ನೊಹೆಮಿ ಸಣ್ಣ ಆಳು, ದೊಡ್ಡ ದನಿ. ಕುತ್ತಿಗೆಗೆ ಯಾವಾಗಲೂ ನೀಲಿ ಕೇಬಲ್ಲುಗಳ ಹಾರ. ಅಕ್ಟೋಬರಿನಲ್ಲಿ ಅವರು ಪರೀಕ್ಷೆಯ ಗುಟ್ಟು ಬಿಟ್ಟುಕೊಟ್ಟರು.

“ಐದು ರೂಟರ್ ಕೊಡ್ತೀನಿ, ಜಾಲ ಕಟ್ಟಬೇಕು. ಕಟ್ಟಾದ್ಮೇಲೆ ನಾನು ಬಂದು ಒಂದು ಕೇಬಲ್ ಕೀಳ್ತೀನಿ. ಯಾವುದು ಅಂತ ಹೇಳಲ್ಲ. ಒಂದು ಕಿತ್ರೆ ಇನ್ನೊಂದು ದಾರಿಯಿಂದ ಹೋಗಬೇಕು. ಜಾಲ ಸತ್ತರೆ ನೀವೂ ಸತ್ತ ಹಾಗೆ.”

ಇಲ್ಲಿಂದ ಶುರುವಾಯಿತು ತೊಂದರೆ. ದೋನ್ ಕ್ರಿಸ್ಪಿನ್ ಕಟ್ಟಿದ ಜಾಲ ನೋಡಲು ಚೆಂದ: ದೊಡ್ಡದರಿಂದ ಚಿಕ್ಕದು, ಚಿಕ್ಕದರಿಂದ ಇನ್ನೂ ಚಿಕ್ಕದು, ಎಲ್ಲಿಯೂ ಒಂದಕ್ಕೊಂದು ತೊಡರದು. ಆದರೆ ಎಲ್ಲಿಯೂ ಎರಡನೆಯ ದಾರಿ ಇಲ್ಲ. ಮಾಯೆಸ್ತ್ರಾ ಬಂದು ಎರಡನೆಯ ಕೇಬಲ್ ಸಿಕ್ಕಿಸಿ ಆಚೆ ಹೋದ ಕೂಡಲೆ ಇವರ ಹೆಬ್ಬೆರಳು ತಾನೇ ಹೋಗಿ ಅದನ್ನು ಕಿತ್ತುಬಿಡುತ್ತಿತ್ತು.

“ದೋನ್, ಅದು ಬೇಕಂತೆ,” ಎಂದೆ.

“ಎರಡೂ ಒಂದೇ ಕಡೆ ಹೋಗ್ತವಲ್ಲೋ.”

“ಹೋಗ್ಲಿ ಬಿಡಿ.”

“ಹೋಗ್ಲಿ ಬಿಡಿ ಅಂದ್ರೆ? ಒಬ್ಬನಿಗೆ ಎರಡು ಬಾಯಿ ಕೊಟ್ರೆ ಕಾಲುವೆ ಬಾಲದಲ್ಲಿರೋನು ಏನು ಕುಡೀತಾನೆ?”

ಬಾಲದಲ್ಲಿರುವ ರೂಟರು ನೀರು ಕುಡಿಯುವುದಿಲ್ಲ ಎಂದು ನಾನು ವಾದಿಸಬಹುದಿತ್ತು. ಆದರೆ ನಾನೂ ಅವರಂತೆಯೇ ಕಟ್ಟಿದ್ದೆ. ಕೇಬಲ್ ಕಡಿಮೆ, ಕೆಲಸವೂ ಕಡಿಮೆ. ಜೊತೆಗೆ ಪ್ರತಿ ಕೇಬಲ್ಲನ್ನೂ ಟೈರಿನ ನಟ್ಟಿನಂತೆ ಒತ್ತಿ ಬಿಗಿಮಾಡುವ ನನ್ನ ಅಭ್ಯಾಸದಿಂದ ಎರಡು ಸಾಕೆಟ್ಟು ಆಗಲೇ ಮುರಿದಿದ್ದವು. ಹೆಚ್ಚು ಮಾತಾಡುವ ಸ್ಥಿತಿ ನನ್ನದಾಗಿರಲಿಲ್ಲ.

ನವೆಂಬರಿನ ಒಂದು ಸಂಜೆ ಮಾಯೆಸ್ತ್ರಾ ಇಡೀ ತರಗತಿಯ ಜಾಲಗಳನ್ನು ಮುಂದಿನ ಮೇಜಿನ ದೊಡ್ಡ ರೂಟರಿಗೆ ಎರಡೆರಡು ದಾರಿಯಿಂದ ಸೇರಿಸಿ, “ಎಲ್ರೂ ಬಂದು ನೋಡಿ,” ಎಂದು ಕರೆದರು. ನೋಡಲು ಹೋದ ದೋನ್ ಕ್ರಿಸ್ಪಿನ್ ಮುಂದಿನ ಸಾಲಿನಲ್ಲೇ ನಿಂತರು. ಮಾಯೆಸ್ತ್ರಾ ಪಾಠ ತೋರಿಸಲೆಂದು ಮೊದಲನೆಯ ಕೇಬಲ್ ಎಳೆದರು. ಅದೇ ಗಳಿಗೆಗೆ ಈ ಕಡೆಯಿಂದ ಹೆಬ್ಬೆರಳೊಂದು ಹೋಗಿ ಎರಡನೆಯದನ್ನು ಕಿತ್ತಿತು. ಎಲ್ಲ ಪರದೆಗಳ ಮೇಲೂ ಚುಕ್ಕೆ, ಚುಕ್ಕೆ, ಚುಕ್ಕೆ.

ಮಾಯೆಸ್ತ್ರಾ ಆ ಎರಡನೆಯ ಕೇಬಲ್ಲನ್ನೂ ದೋನ್ ಕ್ರಿಸ್ಪಿನರ ಮುಖವನ್ನೂ ನೋಡಿದರು.

“ಇದ್ಯಾಕೆ ಕಿತ್ರಿ, ದೋನ್ ಕ್ರಿಸ್ಪಿನ್?”

“ಕಳ್ಳತೂಬು ಅನ್ಕೊಂಡೆ,” ಎಂದರು ಅವರು, ಟೋಪಿಯನ್ನು ಎದೆಗೆ ಹಿಡಿದುಕೊಂಡು.

ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು. ಮಾಯೆಸ್ತ್ರಾ ನಗಲಿಲ್ಲ. “ಡಿಸೆಂಬರಲ್ಲೂ ಹಿಂಗೇ ಮಾಡಿದ್ರೆ ನನ್ನ ಕೈಲಿ ಏನೂ ಮಾಡೋಕಾಗಲ್ಲ,” ಎಂದಷ್ಟೇ ಹೇಳಿದರು. ಮೇಜಿಗೆ ವಾಪಸು ಬಂದ ದೋನ್ ಕ್ರಿಸ್ಪಿನ್ ತಮ್ಮ ಹೆಬ್ಬೆರಳನ್ನೇ ಬಹಳ ಹೊತ್ತು ನೋಡುತ್ತ ಕೂತರು, ಅದು ಬೇರೆ ಯಾರದೋ ಎಂಬಂತೆ.

ಅಂದು ಅವರೇ ನನ್ನನ್ನು ಮನೆಗೆ ಬಿಡುತ್ತೇನೆಂದರು. ನನ್ನ ಕಾರು ನಾಲ್ಕು ಒಳ್ಳೆಯ ಟೈರುಗಳ ಮೇಲೆ ನಿಂತಿತ್ತು. ತಿಂಗಳಿಂದ ನಿಂತೇ ಇತ್ತು.

ಪಿಕಪ್ ಊರಿನ ದಾರಿ ಬಿಟ್ಟು ಅಸುಸೆನಾದ ಏರಿ ಹತ್ತಿತು. ಸೂರ್ಯ ಆಗಷ್ಟೇ ಮುಳುಗಿದ್ದ. ಲೆಟ್ಯೂಸ್ ಸಾಲುಗಳ ಮೇಲೆ ಬೂದುಬಣ್ಣದ ಹಬೆ ಮಲಗಿತ್ತು. ಕಾಲುವೆ ಆಕಾಶವನ್ನೆಲ್ಲ ತನ್ನೊಳಗೆ ಎಳೆದುಕೊಂಡು ನಮ್ಮ ಪಕ್ಕದಲ್ಲೇ, ನಮ್ಮಷ್ಟೇ ವೇಗದಲ್ಲಿ ಬರುತ್ತಿತ್ತು. ಏರಿಯ ಬಿಲಗಳ ಬಾಯಲ್ಲಿ ಗೇಣುದ್ದದ ಗೂಬೆಗಳು ನಿಂತಿದ್ದವು, ಗಾಡಿ ಹತ್ತಿರ ಬಂದಾಗ ಒಂದೊಂದೂ ತಲೆ ತಗ್ಗಿಸಿ ಮತ್ತೆ ಎತ್ತುತ್ತಿತ್ತು. ಆಚೆಯ ಏರಿಯ ಮೇಲೆ ಇನ್ನೊಂದು ಪಿಕಪ್ ಕಂಡಿತು. ದೋನ್ ಕ್ರಿಸ್ಪಿನ್ ಸ್ಟಿಯರಿಂಗಿನಿಂದ ಎರಡು ಬೆರಳು ಎತ್ತಿದರು, ಆ ಗಾಡಿಯಲ್ಲೂ ಎರಡು ಬೆರಳು ಎದ್ದವು. ನೀರಗಂಟಿಗಳ ನಮಸ್ಕಾರ ಅಷ್ಟೇ.

ದೂರದಲ್ಲಿ ಸಕ್ಕರೆ ಕಾರ್ಖಾನೆಯ ಗೋಪುರ ಇನ್ನೂ ಸ್ವಲ್ಪ ಬೆಳಕು ಹಿಡಿದಿಟ್ಟುಕೊಂಡಿತ್ತು. ಸಮುದ್ರದ ಗೆರೆ ಮಸುಕಾಗಿ ಕಾಣುತ್ತಿತ್ತು.

“ನನಗೆ ಒಂದೇ ಕನಸು ಬೀಳತ್ತೆ, ಮಗಾ,” ಎಂದರು. “ಸಮುದ್ರ ಬಂದುಬಿಟ್ಟಿದೆ. ಏನೂ ಗಲಾಟೆ ಇಲ್ಲ. ಮೆಲ್ಲಗೆ ಬಂದು ಏರಿ ಹತ್ರ ನಿಂತು, ‘ಕ್ರಿಸ್ಪಿನ್, ಯಾವ ತೂಬಲ್ಲಿ ಬರ್ಲಿ?’ ಅಂತ ಕೇಳತ್ತೆ. ಎಲ್ಲದಕ್ಕೂ ನಾನೇ ಬೀಗ ಹಾಕಿದೀನಿ. ಕೀಲಿಕೈ ಹುಡುಕ್ತಾ ಹುಡುಕ್ತಾ ಎಚ್ಚರ ಆಗತ್ತೆ.”

“ನನಗೆ ಊಟದ ಕನಸು ಬೀಳತ್ತೆ,” ಎಂದೆ. ಸುಳ್ಳಲ್ಲ. ಅವರು ನಕ್ಕು ಗಾಡಿಯನ್ನು ತಮ್ಮ ಮನೆಯ ಕಡೆಗೇ ತಿರುಗಿಸಿದರು.

ಅಂಪಾರೊ ಅಮ್ಮ ಬಾಗಿಲಲ್ಲೇ ಸಿಕ್ಕಿದರು. ಕೈಯಲ್ಲಿ ಹಿಟ್ಟು, ಕಣ್ಣಿನಲ್ಲಿ ತುಂಟತನ.

“ಬಂದ್ರಾ ಕಾಲೇಜಿನ ಕೇಬಲ್ ಕಿತ್ತ ವೀರರು? ಒಳಗೆ ಬನ್ನಿ, ನಮ್ಮನೆ ಕರೆಂಟಿನ ತಂತಿ ಒಂದು ಬಿಟ್ಟು ಇನ್ನೇನಾದ್ರೂ ಕೀಳಿ.”

ದೋನ್ ಕ್ರಿಸ್ಪಿನ್ ನನ್ನನ್ನು ನೋಡಿದರು. ನಾನು ಎರಡೂ ಕೈ ಎತ್ತಿದೆ. ನನ್ನ ಫೋನಿನಲ್ಲಿ ಬ್ಯಾಟರಿಯೇ ಇರಲಿಲ್ಲ.

“ನಿನಗ್ಯಾರು ಹೇಳಿದ್ರೇ, ಮುದುಕಿ?”

“ಯಾರು ಹೇಳಿಲ್ಲ ಅಂತ ಕೇಳು, ಮುದುಕಪ್ಪ. ಕಾಲೇಜು ಗುಡಿಸ್ತಾಳಲ್ಲ, ಚೇಲಾ ಅನ್ನೋಳು, ಅವಳು ತನ್ನ ತಂಗಿಗೆ ಹೇಳಿದ್ಲು, ತಂಗಿ ನನಗೆ ಫೋನ್ ಮಾಡಿದ್ಲು. ಅವಳು ಇಡೋ ಹೊತ್ತಿಗೆ ಬುರಿತೊ ಮಾರೋ ಗಾಡಿಯವಳು ಬೇಲಿ ಹತ್ರ ನಿಂತು ಕೂಗಿದ್ಲು. ಆಮೇಲೆ ಈ ಹುಡುಗನ ಗೋಯೊ ಮಾವ. ‘ನಮ್ಮೋನೂ ಏನಾದ್ರೂ ಕಿತ್ತಿದಾನಾ ಕೇಳಿ’ ಅಂತಿದ್ದ.”

“ಏನೂ ಕಿತ್ತಿಲ್ಲಮ್ಮ, ಮುರಿದಿದೀನಿ ಅಷ್ಟೇ,” ಎಂದು ನಾನು ಊಟದ ಮೇಜಿಗೆ ಸರಿದೆ. ಒಣಮಾಂಸ ಹಾಕಿ ಕಲಕಿದ ಮೊಟ್ಟೆ, ಹುರುಳಿಕಾಯಿ ಬೀಜದ ಗೊಜ್ಜು, ಕಾವಲಿಯಿಂದ ಒಂದೊಂದೇ ಹಾರಿ ಬರುತ್ತಿದ್ದ ಗೋಧಿಯ ತೋರ್ತಿಯಾ.

ದೋನ್ ಕ್ರಿಸ್ಪಿನ್ ಊಟ ಮುಟ್ಟಲಿಲ್ಲ. “ಮೂರು ಕಡೆಯಿಂದ ಬಂತಾ?”

“ಒಂದು ಬಾಯಿ ಮುಚ್ಚಿದ್ರೆ ಇನ್ನೊಂದು ಇರತ್ತಲ್ಲ. ಸುದ್ದಿ ಅಂದ್ಮೇಲೆ ಒಂದೇ ದಾರೀಲಿ ಬರತ್ತಾ?” ಅಂಪಾರೊ ಅಮ್ಮ ತೋರ್ತಿಯಾ ಮಗುಚಿದರು. “ಮರೆತೋಯ್ತಾ? ನೀನು ಬೀಗ ಹಾಕಿದ್ಮೇಲೆ ನಮ್ಮಪ್ಪ ನನ್ನನ್ನ ಏರಿ ಹತ್ರಕ್ಕೂ ಬಿಡ್ತಿರಲಿಲ್ಲ. ಆಗ ಹಾಲಿನ ಲಾರಿಯವನ ಹತ್ರ ಹೇಳಿ ಕಳಿಸಿದ್ದು ಯಾರು? ಅವನನ್ನ ಅಪ್ಪ ಓಡಿಸಿದ್ರೆ ಚರ್ಚಲ್ಲಿ ನಿಮ್ಮ ಸೋದರತ್ತೆ ಕಿವೀಲಿ ಊದಿದ್ದು ಯಾರು? ನಿನ್ನ ಹಾಗೆ ಒಂದೇ ತೂಬು ಇಟ್ಕೊಂಡು ಕೂತಿದ್ರೆ ಇವತ್ತಿಗೂ ನೀನು ಆ ಏರಿ ಮೇಲೆ ಒಬ್ಬನೇ ಇರ್ತಿದ್ದೆ. ನಿನಗೆ ಹೆಂಡ್ತಿ ಸಿಕ್ಕಿದ್ದೇ ಕಳ್ಳತೂಬಲ್ಲಿ!”

ದೋನ್ ಕ್ರಿಸ್ಪಿನ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಕಾವಲಿಯ ಹೊಗೆ ದೀಪದ ಸುತ್ತ ಸುತ್ತುತ್ತಿತ್ತು.

“ಹಂಗಾದ್ರೆ ಅದು ನೀರಲ್ಲ,” ಎಂದರು ಕೊನೆಗೆ, ಯಾರಿಗೋ ಎಂಬಂತೆ. “ಅದು ಸುದ್ದಿ. ಇಷ್ಟೂ ದಿನ ನಾನು ಸುದ್ದಿಗೆ ಬೀಗ ಹಾಕ್ತಿದ್ದೆ.” ಆಮೇಲೆ ನನ್ನ ಭುಜ ಹಿಡಿದು ಅಲುಗಿಸಿದರು. “ಕೇಳಿಸ್ಕೊಂಡ್ಯಾ, ಮಗಾ? ಅದು ನೀರಲ್ಲ!”

“ಮೊದಲ ದಿನವೇ ಹೇಳಿದ್ನಲ್ಲ, ದೋನ್,” ಎಂದೆ, ಬಾಯಿ ತುಂಬಿಕೊಂಡು. ಅವರು ಹೇಳಿದ್ದು ನನಗೂ ಅನ್ವಯಿಸುತ್ತದೆ ಎಂದು ಆಗ ಹೊಳೆಯಲಿಲ್ಲ. ಆ ದಿನದ ತೋರ್ತಿಯಾ ಅಷ್ಟು ಚೆನ್ನಾಗಿತ್ತು.

ಪರೀಕ್ಷೆಯ ಸಂಜೆ ಹೊರಗೂ ಚಳಿಯಿತ್ತು. ದೋನ್ ಕ್ರಿಸ್ಪಿನ್ ಬೂಟು ತೊಳೆದುಕೊಂಡು ಬಂದಿದ್ದರು. ನಾನು ನಮ್ಮ ಹಳೆಯ ಚೆಂದದ ಜಾಲವನ್ನೇ, ಅವರಿಂದ ಮೊದಲು ಕಲಿತ ಹಾಗೆ, ಬೇಗ ಕಟ್ಟಿ ಕೈಕಟ್ಟಿ ಕೂತೆ. ಅವರು ಇನ್ನೂ ಕಟ್ಟುತ್ತಲೇ ಇದ್ದರು. ಕೇಬಲ್ಲಿನ ಮೇಲೆ ಕೇಬಲ್. ತುಟಿಯಲ್ಲಿ ಏನೋ ಗೊಣಗಾಟ. ಬಗ್ಗಿ ಕೇಳಿದೆ: “ಇದು ಚೇಲಾ... ಇದು ಬುರಿತೊ ಗಾಡಿ... ಇದು ಹಾಲಿನ ಲಾರಿ... ಇದು ನಮ್ಮತ್ತೆ.”

ಮಾಯೆಸ್ತ್ರಾ ನಮ್ಮ ಮೇಜಿನ ಮುಂದೆ ಬಂದು ನಿಂತಾಗ ದೋನ್ ಕ್ರಿಸ್ಪಿನ್ ಎದ್ದು ನಿಂತು ಎರಡೂ ಹೆಬ್ಬೆರಳುಗಳನ್ನು ಬೆಲ್ಟಿನೊಳಗೆ ತುರುಕಿದರು. ಬಿಗಿಯಾಗಿ, ಕಟ್ಟಿಹಾಕಿದಂತೆ. ಪರದೆಯ ಮೇಲೆ ಹನಿಗಳು ಸಾಲಾಗಿ ಬೀಳುತ್ತಿದ್ದವು. ಮಾಯೆಸ್ತ್ರಾ ಅತಿ ಮುಖ್ಯವಾದ ಕೇಬಲ್ಲನ್ನೇ ಆರಿಸಿ ಎಳೆದರು.

ಚುಕ್ಕೆ.

ಇನ್ನೊಂದು ಚುಕ್ಕೆ.

ಕೋಣೆಯಲ್ಲಿ ಯಂತ್ರಗಳ ಗುಂಯ್ ಬಿಟ್ಟರೆ ಸದ್ದಿಲ್ಲ. ಬೆಲ್ಟಿನೊಳಗೆ ಹೆಬ್ಬೆರಳು ಮಿಸುಕುವುದು ನನಗೆ ಕಾಣುತ್ತಿತ್ತು. ಕಬ್ಬಿಣದ ಚೌಕಟ್ಟಿನಲ್ಲಿ ಒಂದು ಹಸಿರು ದೀಪ ಆರಿತು. ಸಮುದ್ರ ಮೆಲ್ಲಗೆ ಬಂದು ಏರಿಯ ಬಳಿ ನಿಂತು ಕೇಳುತ್ತಿದೆ ಎಂದು ನನಗನ್ನಿಸಿತು: ಕ್ರಿಸ್ಪಿನ್, ಯಾವ ತೂಬಲ್ಲಿ ಬರಲಿ? ಆರಿದ ದೀಪದಿಂದ ಬಹಳ ದೂರದಲ್ಲಿ, ಇನ್ನೊಂದು ಮೂಲೆಯಲ್ಲಿ, ಇನ್ನೊಂದು ಮೀನು ಕಣ್ಣು ಬಿಟ್ಟಿತು.

ಹನಿ. ಹನಿ. ಹನಿ.

“ಬಂತು,” ಎಂದರು ದೋನ್ ಕ್ರಿಸ್ಪಿನ್, ಉಸಿರಿನಲ್ಲಿ. “ಅತ್ತೆ ಕಡೆಯಿಂದ ಬಂತು.”

ಯಾವ ಅತ್ತೆ ಎಂದು ಮಾಯೆಸ್ತ್ರಾ ಕೇಳಲಿಲ್ಲ. ಅವರ ಭುಜ ತಟ್ಟಿ, ಕಿತ್ತ ಕೇಬಲ್ಲನ್ನು ಹಾರದಂತೆ ಅವರ ಕುತ್ತಿಗೆಗೆ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ ನನ್ನದೊಂದು ಕೇಬಲ್ ಎಳೆದರು. ನನ್ನ ಪರದೆಯ ತುಂಬ ಚುಕ್ಕೆಗಳು ಶುರುವಾದವು. ಕಣಿವೆಯ ಆಕಾಶದಲ್ಲಿ ಅಷ್ಟು ನಕ್ಷತ್ರಗಳನ್ನು ನಾನು ಕಂಡಿರಲಿಲ್ಲ.

“ನಸಾರಿಯೊ, ಎರಡನೇ ದಾರಿ ಎಲ್ಲಪ್ಪಾ?”

“ಇಲ್ಲ ಮಾಯೆಸ್ತ್ರಾ,” ಎಂದೆ. “ನಾನು ಕಳ್ಳನಲ್ಲ.”

ಈಗ ಮಾರ್ಚ್. ನಾನು ಅದೇ ತರಗತಿಗೆ ಮತ್ತೆ ಸೇರಿದ್ದೇನೆ. ಬೇಸಿಗೆ ಹತ್ತಿರ ಬರುತ್ತಿರುವುದರಿಂದ ಇದನ್ನು ಪೂರ್ತಿ ನಷ್ಟ ಎನ್ನಲಾಗದು. ಮೊನ್ನೆ ಬೆಳಗ್ಗೆ ಗೋಯೊ ಮಾವ, “ನಿನ್ನ ನೀರಪ್ಪನ ಗಾಡಿ ಪಂಕ್ಚರ್ ಅಂತೆ, ಹೋಗು,” ಎಂದು ಅಂಗಡಿಯ ವ್ಯಾನಿನಲ್ಲಿ ಅಸುಸೆನಾಕ್ಕೆ ಕಳಿಸಿದ.

ದೋನ್ ಕ್ರಿಸ್ಪಿನ್ ತಮ್ಮ ತೀರಿಹೋದ ಮಾವ ಪೆರಾಲ್ತಾನ ಹಳೆಯ ಹೊಲದೆದುರು ಏರಿಯ ಮೇಲೆ ನಿಂತಿದ್ದರು. ಅವರ ಮುಂದೆ ತೂಬಿನ ಚಕ್ರ ಯಾರೂ ಮುಟ್ಟದೆ ತಾನೇ ತಿರುಗುತ್ತಿತ್ತು, ತೂಬು ಮೇಲೇಳುತ್ತಿತ್ತು, ನೀರು ನಿದ್ದೆಯಿಂದ ಎದ್ದಂತೆ ಮೈಮುರಿದು ಹೊಲಕ್ಕೆ ಇಳಿಯುತ್ತಿತ್ತು. ಅವರು ಬೆಲ್ಟಿನಿಂದ ಕೈ ತೆಗೆದು ತೂಬಿಗೆ ಎರಡು ಬೆರಳು ಎತ್ತಿದರು. ಅದು ತಿರುಗಿ ಎತ್ತಲಿಲ್ಲ, ಆದರೂ ಅವರು ಒಂದು ಕ್ಷಣ ಕಾದರು.

ನಾನು ಟೈರು ಬಿಚ್ಚುತ್ತಿರುವಾಗ ಫೋನು ತೋರಿಸಲು ಪಕ್ಕದಲ್ಲಿ ಬಂದು ಕೂತರು. ಸಣ್ಣ ಪರದೆಯ ಮೇಲೆ ಹನಿಗಳ ಸಾಲು.

“ತೂಬಿಗೆ ಸುದ್ದಿ ಹೋಗೋಕೆ ರೇಡಿಯೋ ಒಂದು ದಾರಿ. ಅದು ಕೆಟ್ರೆ ಏರಿ ಕೆಳಗೆ ತಂತಿ ಹಾಕಿದೀನಿ. ಕಚೇರಿಯವರು ಒಂದು ಸಾಕು ಅಂದ್ರು, ನಾನೇ ಬಿಡಲಿಲ್ಲ.”

“ಅಂದ್ರೆ, ಈ ಹೊಲಕ್ಕೆ ಕಳ್ಳತೂಬು ಇಟ್ಟಿದೀರಿ.”

ದೋನ್ ಕ್ರಿಸ್ಪಿನ್ ಗಾಬರಿಯಿಂದ ಬೇಲಿಯಾಚೆಯ ಹಸಿರು ಹೊಲದ ಕಡೆ ನೋಡಿದರು. ಅಲ್ಲಿ ಬೆಳ್ಳಕ್ಕಿಗಳು ಬಿಟ್ಟರೆ ಯಾರೂ ಇರಲಿಲ್ಲ.

“ಮೆಲ್ಲಗೆ ಮಾತಾಡೋ,” ಎಂದರು. “ನಮ್ಮಾವ ಕೇಳಿಸ್ಕೊಂಡಾನು.”